ಬಾಳು ಅನ್ಯಾಯವೆನಿಸಿದಾಗ ದೇವರ ನಂಬಿಗಸ್ತಿಕೆ

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಬೆಲ್ಲದ ಪೇಟೆಗೂ ನೇಕಾರಿಕೆಗೂ ಹೆಸರಾದ ಊರು. 2019ರ ಬೇಸಿಗೆಯಲ್ಲಿ ಆ ಸೀಮೆ ಬರದಿಂದ ಬಳಲಿತ್ತು. ಜನ ಮಳೆಗಾಗಿ ಬೇಡಿಕೊಂಡರು. ಆಗಸ್ಟ್ ತಿಂಗಳಲ್ಲಿ ನೀರು ಬಂತು, ಆದರೆ ಪ್ರವಾಹವಾಗಿ ಬಂತು. ಘಟಪ್ರಭಾ, ಕೃಷ್ಣಾ, ಮಲಪ್ರಭಾ ನದಿಗಳು ಉಕ್ಕಿ ದಡದ ಹಳ್ಳಿಗಳಲ್ಲಿ ಕಬ್ಬು ಕೊಳೆಯಿತು, ಮಣ್ಣಿನ ಗೋಡೆಗಳು ಕುಸಿದವು. ಸರಕಾರವು ತುರ್ತು ನೆರವಾಗಿ ರೂ. 10,000, ಪೂರ್ತಿ ಬಿದ್ದ ಮನೆಗೆ ರೂ. 5 ಲಕ್ಷ ಘೋಷಿಸಿತು. ಹಾನಿಯ ಪ್ರಮಾಣ ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಹಾಗಾದಾಗ ‘ಪಕ್ಕದವರದು ಎ, ನಮ್ಮದೇಕೆ ಸಿ?’ ಎಂಬ ಪ್ರಶ್ನೆ ಏಳದಿರದು. ಮರುವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮಗ್ಗಗಳ ಸದ್ದೂ ನಿಂತಿತು.

ತಪ್ಪು ಮಾಡದವನಿಗೆ ಪೆಟ್ಟಿನ ಮೇಲೆ ಪೆಟ್ಟು ಏಕೆ? ದೇವರು ನಂಬಿಗಸ್ತರೆಂದು ಹೇಳುವುದು ಹೇಗೆ? ಈ ಪ್ರಶ್ನೆ ಕರಾವಳಿಯ ನಮ್ಮ ಮನೆಗಳಲ್ಲೂ ಇದೆ. ವಾಳೆಯ ಕೂಟಗಳಲ್ಲಿ ಚರ್ಚಿಸಲು ಅನುಕೂಲವಾಗಲೆಂದು ಪವಿತ್ರ ಬೈಬಲಿನ ಬೋಧನೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ಕೊಡುತ್ತಿದ್ದೇವೆ.

ನಂಬಿಗಸ್ತಿಕೆ ಎಂದರೇನು?

ಹಳೆಯ ಒಡಂಬಡಿಕೆಯಲ್ಲಿ ಎರಡು ಹೀಬ್ರೂ ಪದಗಳು ಮುಖ್ಯ. ‘ಹೆಸೆದ್’ ಎಂದರೆ ಒಡಂಬಡಿಕೆಯನ್ನು ಕೈಬಿಡದ ಪ್ರೀತಿ. ‘ಎಮೂನಾ’ ಎಂದರೆ ಅಲುಗಾಡದ ಸ್ಥಿರತೆ. ನಾವು ಪ್ರತಿ ಪ್ರಾರ್ಥನೆಯ ಕೊನೆಗೆ ಹೇಳುವ ‘ಆಮೆನ್’ ಪದವೂ ಇದೇ ಧಾತುವಿನಿಂದ ಬಂದಿದೆ. ದೇವರು ನಂಬಿಗಸ್ತರು ಎಂದರೆ ನಾವು ಕೇಳಿದ್ದೆಲ್ಲವನ್ನೂ ಕೊಡುವವರು ಎಂದಲ್ಲ. ಹಿಡಿದ ಕೈಯನ್ನು ಬಿಡದವರು ಎಂದರ್ಥ.

ದೂರು ಹೇಳುವುದು ಅವಿಶ್ವಾಸವಲ್ಲ

1. ಯೋಬನ ಗ್ರಂಥ: ಯೋಬನು ನೀತಿವಂತ. ಆದರೂ ಮಕ್ಕಳನ್ನು, ಆಸ್ತಿಯನ್ನು, ಆರೋಗ್ಯವನ್ನು ಕಳೆದುಕೊಂಡ. ‘ನೀನು ಪಾಪ ಮಾಡಿರಲೇಬೇಕು’ ಎಂದು ಸ್ನೇಹಿತರು ವಾದಿಸಿದರು. ಕೊನೆಯ ಅಧ್ಯಾಯದಲ್ಲಿ ದೇವರು ಗದರಿಸುವುದು ಜಗಳವಾಡಿದ ಯೋಬನನ್ನಲ್ಲ, ತಮ್ಮ ಪರವಾಗಿ ವಕಾಲತ್ತು ವಹಿಸಿದ ಆ ಸ್ನೇಹಿತರನ್ನು.

2. ಕೀರ್ತನೆ 73: ದುಷ್ಟರು ಕೊಬ್ಬಿ ಬಾಳುವುದನ್ನು ಕಂಡು ಆಸಾಫನ ಕಾಲು ಇನ್ನೇನು ಜಾರಲಿತ್ತು. ದೇವಾಲಯವನ್ನು ಪ್ರವೇಶಿಸಿದಾಗ ಅವನ ನೋಟ ಬದಲಾಯಿತು. ಅವನ ಸ್ಥಿತಿ ಬದಲಾಯಿತೆಂದು ಕೀರ್ತನೆ ಎಲ್ಲೂ ಹೇಳುವುದಿಲ್ಲ.

3. ಪ್ರಲಾಪಗಳು: ಕ್ರಿ.ಪೂ. 587ರಲ್ಲಿ ಜೆರುಸಲೇಮ್ ನಾಶವಾದಾಗಿನ ಗೋಳು ಇದರಲ್ಲಿದೆ. ದೇವರ ಕರುಣೆ ಬೆಳಗಿಂದ ಬೆಳಗಿಗೆ ಹೊಸದು ಎಂಬ ಮಾತು ಬರುವುದು ಗೋಳು ಮುಗಿದ ಮೇಲಲ್ಲ, ಮೂರನೆಯ ಅಧ್ಯಾಯದಲ್ಲಿ, ಅಳುವಿನ ನಡುವೆ.

4. ಹಬಕ್ಕೂಕ: ಬೆಳೆ ಕೈಕೊಟ್ಟರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ದೇವರಲ್ಲಿ ಹರ್ಷಿಸುವೆನೆಂದ ಪ್ರವಾದಿ, ಅದಕ್ಕೂ ಮೊದಲು ‘ಎಷ್ಟು ಕಾಲ?’ ಎಂದು ದೇವರನ್ನೇ ಪ್ರಶ್ನಿಸಿದವನು.

ಕೀರ್ತನೆ 88 ಕತ್ತಲಿನಲ್ಲೇ ಮುಗಿಯುತ್ತದೆ. ಅದನ್ನೂ ಧರ್ಮಸಭೆ ತನ್ನ ಪ್ರಾರ್ಥನೆಯಾಗಿ ಉಳಿಸಿಕೊಂಡಿದೆ.

ಯೇಸುಸ್ವಾಮಿಯ ಉತ್ತರ

ಸಿಲೋವಾಮಿನ ಗೋಪುರ ಬಿದ್ದು 18 ಮಂದಿ ಸತ್ತಾಗ, ಅವರು ಇತರರಿಗಿಂತ ಹೆಚ್ಚು ಪಾಪಿಗಳೆಂಬ ಎಣಿಕೆಯನ್ನು ಯೇಸು ತಳ್ಳಿಹಾಕಿದರು (ಲೂಕ 13). ಹುಟ್ಟುಕುರುಡನ ವಿಷಯದಲ್ಲೂ ಹಾಗೆಯೇ (ಯೊವಾನ್ನ 9). ಶಿಲುಬೆಯ ಮೇಲೆ ಅವರೇ 22ನೆಯ ಕೀರ್ತನೆಯ ಮಾತುಗಳಿಂದ ತಂದೆಯನ್ನು ಕೂಗಿ ಕರೆದರು. ನಿರಪರಾಧಿಯ ಮರಣಕ್ಕೆ ತಂದೆಯ ಉತ್ತರ ವಿವರಣೆಯಾಗಿರಲಿಲ್ಲ, ಪುನರುತ್ಥಾನವಾಗಿತ್ತು.

ನಮ್ಮ ಪೂರ್ವಜರ ಸೆರೆ

ಕೆನರಾದ ಕಥೋಲಿಕರಿಗೆ ಈ ಪಾಠ ಹೊಸದಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಬಂಧಿತರಾಗಿ ಅವರು ಶ್ರೀರಂಗಪಟ್ಟಣಕ್ಕೆ ನಡೆಯಬೇಕಾಯಿತು. ಅಂದು ಬೂದಿ ಬುಧವಾರವಾಗಿತ್ತೆಂಬುದು ಪರಂಪರೆಯ ನೆನಪು. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ನಂತರ ಉಳಿದವರು ಊರಿಗೆ ಮರಳಿದರು. ನೆಲಸಮವಾಗಿದ್ದ ಮಂಗಳೂರಿನ ರೊಸಾರಿಯೊ ಚರ್ಚ್ 1813ರಲ್ಲಿ ಮತ್ತೆ ಎದ್ದಿತು.

ಇಲ್ಲಿ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಈ ನೆನಪು ಇಂದಿನ ಯಾವ ನೆರೆಯವರ ಮೇಲೂ ಹಗೆ ಸಾಧಿಸಲಿಕ್ಕಲ್ಲ. ಎರಡನೆಯದು, ‘ಕಾದರೆ ಎಲ್ಲವೂ ಸರಿಹೋಗುತ್ತದೆ’ ಎಂಬುದು ಪೂರ್ಣ ಉತ್ತರವಲ್ಲ. ಘಟ್ಟದ ದಾರಿಯಲ್ಲಿ ಮಡಿದ ತಾಯಿ 1799ನ್ನು ಕಾಣಲಿಲ್ಲ. ಯೋಬನಿಗೂ ಹೊಸ ಮಕ್ಕಳು ಹುಟ್ಟಿದರೇ ಹೊರತು ಸತ್ತವರು ಎದ್ದು ಬರಲಿಲ್ಲ. ಪುನರುತ್ಥಾನದ ನಿರೀಕ್ಷೆ ಇಲ್ಲದಿದ್ದರೆ ಇಂಥವರಿಗೆ ಹೇಳಲು ನಮ್ಮ ಬಳಿ ಮಾತೇ ಇಲ್ಲ.

ಧರ್ಮಕೇಂದ್ರದ ಸೇವಕರಿಗೆ

- ನೊಂದ ಮನೆಗೆ ಹೋದಾಗ ‘ಎಲ್ಲ ದೇವರ ಚಿತ್ತ’ ಎಂದು ಅವಸರದಿಂದ ಹೇಳಬೇಡಿ. ಯೋಬನ ಸ್ನೇಹಿತರು ಏಳು ದಿನ ಮೌನವಾಗಿ ಕುಳಿತಿದ್ದಾಗ ಮಾಡಿದ ಸೇವೆಯನ್ನು ಬಾಯಿ ತೆರೆದ ಮೇಲೆ ಮಾಡಲಿಲ್ಲ.
- ನಷ್ಟಕ್ಕೆ ಪಾಪ, ಶಾಪ ಎಂಬ ಕಾರಣ ಹುಡುಕಬೇಡಿ.
- ದೇವರನ್ನು ನಂಬುವುದೆಂದರೆ ಹಕ್ಕನ್ನು ಬಿಟ್ಟುಕೊಡುವುದಲ್ಲ. ಪಟ್ಟಿಯಲ್ಲಿ ಹೆಸರು ತಪ್ಪಿದ್ದರೆ ಜೊತೆಗೆ ಕಚೇರಿಗೆ ಹೋಗಿ, ಅರ್ಜಿ ಬರೆದುಕೊಡಿ. ಅನ್ಯಾಯದ ನ್ಯಾಯಾಧೀಶನ ಬಾಗಿಲನ್ನು ಬಿಡದೆ ತಟ್ಟಿದ ವಿಧವೆಯನ್ನು ಯೇಸು ಪ್ರಾರ್ಥನೆಗೇ ಮಾದರಿಯಾಗಿಸಿದರು (ಲೂಕ 18).
- ಮೊದಲ ವಾರ ಎಲ್ಲರೂ ಬರುತ್ತಾರೆ. ಆರು ತಿಂಗಳ ನಂತರವೂ ಹೋಗಿ.

ನೀರು ಇಳಿದ ಮೇಲೆ ಮಹಾಲಿಂಗಪುರದ ಸೀಮೆಯ ರೈತ ಮತ್ತೆ ಕಬ್ಬು ನೆಟ್ಟಿದ್ದಾನೆ, ನೇಕಾರ ಮತ್ತೆ ಮಗ್ಗದ ಮುಂದೆ ಕುಳಿತಿದ್ದಾನೆ. ಅನ್ಯಾಯದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಆದರೂ ಬೆಳಗಾಗುತ್ತಲೇ ಕೈ ಕೆಲಸಕ್ಕೆ ಹೋಗುತ್ತದೆ. ಪ್ರಶ್ನೆಗೆ ಉತ್ತರ ಸಿಗುವ ಮುನ್ನವೇ ನಾವು ‘ಆಮೆನ್’ ಎನ್ನುವುದೂ ಇಂಥದ್ದೇ ವಿಶ್ವಾಸದಿಂದ.