ನಾವುಂದವನ್ನ ಯಾವ ಭಾಷೆಯಲ್ಲಿ ಕೇಳಿದ್ರು?

ನಾವುಂದದ ಕಡಲ ದಂಡೆಯಲ್ಲಿ ಒಂದು ತಡೆಗೋಡೆ ಬಂದರೂ ಬಲೆ ಬೀಸುವವನ ಬದುಕು ಬದಲಾಗುತ್ತೆ. ಹಾಗಾದ್ರೆ ದೊಡ್ಡ ಯೋಜನೆ ಬರುವ ಮುಂಚೆ ಅವನನ್ನ ಕೇಳಬೇಕಲ್ವಾ? ಕೇಳಲೇಬೇಕು ಅನ್ನೋ ನಿಯಮ ಈ ದೇಶಕ್ಕೆ ಬಂದಿದ್ದೇ ತಡವಾಗಿ.

ಪರಿಸರ ಪರಿಣಾಮ ಮೌಲ್ಯಮಾಪನ, ಅಂದ್ರೆ ಇಐಎ ಅಧಿಸೂಚನೆ ಹೊರಬಿದ್ದದ್ದು 1994ರಲ್ಲಿ. ಸಾರ್ವಜನಿಕ ಅಹವಾಲು ಸಭೆ ಸೇರಿದ್ದು 1997ರಲ್ಲಿ. 2006ರ ಅಧಿಸೂಚನೆ ಇನ್ನೂ ಸ್ಪಷ್ಟ: ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು, ಜನರಿಗೆ ಕನಿಷ್ಠ 30 ದಿನ ಕೊಡಬೇಕು.

ಆಮೇಲೆ ಇಂಟರ್ನೆಟ್ ಬಂತು. ಕಾನೂನಿನ ಕರಡನ್ನ 30 ದಿನ ಜನರ ಮುಂದಿಡಬೇಕು ಅನ್ನೋ ಕೇಂದ್ರದ ನೀತಿ 2014ರದ್ದು. ಅದೇ ವರ್ಷ ಜುಲೈನಲ್ಲಿ ಮೈಗವ್ ಪೋರ್ಟಲ್ ಶುರುವಾಯ್ತು. ಒಳ್ಳೇದೇ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹೋಟೆಲ್ ಕೆಲಸದಲ್ಲಿರುವ ನಮ್ಮೂರ ಹುಡುಗ ಅಹವಾಲು ಸಭೆಗೆ ಬರೋಕಾಗಲ್ಲ, ಇಮೇಲ್ ಕಳಿಸಬಹುದು.

ಆದರೆ 2020ರಲ್ಲಿ ಏನಾಯ್ತು ನೋಡಿ. ಮಾರ್ಚ್ 23ರ ದಿನಾಂಕದ ಹೊಸ ಇಐಎ ಕರಡು ಏಪ್ರಿಲ್ 11ಕ್ಕೆ ಗೆಜೆಟ್‌ನಲ್ಲಿ ಬಂತು. ದೇಶ ಲಾಕ್‌ಡೌನ್‌ನಲ್ಲಿತ್ತು. ಜನರಿಗೆ ಸಿಗುವ 30 ದಿನವನ್ನ 20ಕ್ಕೆ ಇಳಿಸುವ ಪ್ರಸ್ತಾಪ ಅದರಲ್ಲಿತ್ತು. ಇದ್ದದ್ದು ಇಂಗ್ಲಿಷ್, ಹಿಂದಿ. ಕನ್ನಡದಲ್ಲಿ ಇರಲಿಲ್ಲ!

ಜೂನ್ 30ಕ್ಕೆ ದೆಹಲಿ ಹೈಕೋರ್ಟ್, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದಿತು; ಆಕ್ಷೇಪಣೆಗೆ ಆಗಸ್ಟ್ 11ರವರೆಗೆ ಸಮಯ ಕೊಟ್ಟಿತು. ನಮ್ಮ ಕರ್ನಾಟಕ ಹೈಕೋರ್ಟ್ ಆಗಸ್ಟ್ 5ರಂದು, ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ನೀಡಿತು. ಸ್ಥಳೀಯ ಭಾಷೆಯಲ್ಲಿ ಪ್ರಚಾರವೇ ಇಲ್ಲದೆ ಅಭಿಪ್ರಾಯ ಕೇಳಿದ್ದು ಹೇಗೆ ಅನ್ನೋದೇ ಅಲ್ಲಿನ ಪ್ರಶ್ನೆ. ಕೇಂದ್ರ ಸುಪ್ರೀಂ ಕೋರ್ಟ್‌ಗೆ ಹೋಯ್ತು. ಆಡಳಿತ ಭಾಷೆ ಹಿಂದಿ, ಇಂಗ್ಲಿಷ್ ಅನ್ನೋದು ಅದರ ವಾದ. ಆಗಸ್ಟ್ 13ರಂದು ಅಲ್ಲೂ ದೆಹಲಿ ಆದೇಶಕ್ಕೆ ತಡೆ ಸಿಗಲಿಲ್ಲ.

ಆ ಕರಡು ಅಂತಿಮವಾಗಲಿಲ್ಲ. ಗೆದ್ದೆವು ಅಂತ ಕೂರೋಣವಾ? ಬೇಡ. 2006ರ ಅಧಿಸೂಚನೆಗೆ ತಿದ್ದುಪಡಿಗಳು ಬರ್ತಾನೇ ಇವೆ.

ವೆಬ್‌ಸೈಟಿಗೆ ಪಿಡಿಎಫ್ ಹಾಕಿದ್ರೆ ಜನರನ್ನ ಕೇಳಿದಂತಾಗಲ್ಲ. ಕರಡು ಕನ್ನಡದಲ್ಲಿ ಬರಲಿ, ಪಂಚಾಯತಿ ಕಚೇರಿಯ ಗೋಡೆಗೆ ಅಂಟಲಿ, ಗ್ರಾಮಸಭೆಯಲ್ಲಿ ಯಾರಾದ್ರೂ ಓದಿ ಹೇಳಲಿ. ಆಮೇಲೆ ಇಮೇಲ್ ಕಳಿಸೋರು ಕಳಿಸಲಿ, ಬಾಯಲ್ಲಿ ಹೇಳೋರ ಮಾತನ್ನ ಬರೆದುಕೊಳ್ಳಲಿ. ಯಾವ ಆಕ್ಷೇಪಣೆ ಒಪ್ಪಿದ್ರು, ಯಾವುದನ್ನ ಯಾಕೆ ಬಿಟ್ರು ಅನ್ನೋ ಉತ್ತರವೂ ಕನ್ನಡದಲ್ಲೇ ವಾಪಸ್ ಬರಲಿ. ಸಮುದ್ರದ ಬಗ್ಗೆ ನಾವುಂದದವರಿಗೆ ಹೇಳೋದು ಬೇಕಾದಷ್ಟಿದೆ. ಅರ್ಥವಾಗುವ ಹಾಗೆ ಕೇಳಬೇಕಷ್ಟೆ.