ಎದೆಗೂಡು ತೆರೆದ ಬಳ್ಳಾರಿಯವರು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂಥ ಊರಲ್ಲಿ ಚರಿತ್ರೆಯ ಮಾತು ಬಂದರೆ ನಾವು ಹಂಪಿಯ ಅರಸರನ್ನು, ಹರಪನಹಳ್ಳಿಯ ಪಾಳೆಯಗಾರರನ್ನು ನೆನೆಯುತ್ತೇವೆ. ಈ ಸೀಮೆಗೆ ಬಹುಕಾಲ ಜಿಲ್ಲಾ ಕೇಂದ್ರವಾಗಿದ್ದ ಬಳ್ಳಾರಿಯಲ್ಲಿ 1922ರ ನವೆಂಬರ್ 13ರಂದು ಹುಟ್ಟಿದ ಡಾ. ಎನ್. ಗೋಪಿನಾಥರ ಹೆಸರು ಮಾತ್ರ ನಮ್ಮ ಬಾಯಿಗೆ ಬರುವುದಿಲ್ಲ. ಭಾರತದಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಯನ್ನು ಮೊದಲು ಯಶಸ್ವಿಯಾಗಿ ನಡೆಸಿದವರೆಂಬ ಮನ್ನಣೆ ಅವರದು.

ಆಗ ಬಳ್ಳಾರಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ. ಅಲ್ಲಿ ವೈದ್ಯಕೀಯ ಕಾಲೇಜು ತೆರೆದದ್ದು 1961ರಲ್ಲಿ. ಡಾಕ್ಟರಾಗಬೇಕೆಂಬ ಹುಡುಗ ಊರು ಬಿಡದೆ ಗತ್ಯಂತರವಿರಲಿಲ್ಲ.

ಎದೆಯ ಶಸ್ತ್ರಚಿಕಿತ್ಸೆ ಬಲಿತದ್ದು ಕ್ಷಯದ ವಿರುದ್ಧದ ಹೋರಾಟದಲ್ಲಿ. ಸ್ಟ್ರೆಪ್ಟೊಮೈಸಿನ್ ಮದ್ದು ಸಿಗುವ ಮುನ್ನ ಪಕ್ಕೆಲುಬುಗಳನ್ನು ಕತ್ತರಿಸಿ ತೆಗೆದು, ರೋಗ ಹಿಡಿದ ಶ್ವಾಸಕೋಶವನ್ನು ಕುಗ್ಗಿಸಿ ವಿಶ್ರಾಂತಿ ಕೊಡುತ್ತಿದ್ದರು. ಬದುಕಿದವರ ಬೆನ್ನು, ಭುಜ ಸೊಟ್ಟಗಾಗುತ್ತಿದ್ದವು. 1940ರ ದಶಕದ ಕೊನೆಗೆ ಅಮೆರಿಕದ ಡಾ. ರೀವ್ ಬೆಟ್ಸ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಈ ವಿದ್ಯೆಯನ್ನು ಭಾರತೀಯ ವೈದ್ಯರಿಗೆ ಕಲಿಸತೊಡಗಿದರು. ಗೋಪಿನಾಥರು ಪಳಗಿದ್ದು ಅಲ್ಲಿಯೇ.

ಶ್ವಾಸಕೋಶಕ್ಕಿಂತ ಹೃದಯ ಕಠಿಣ. ಮಿಡಿಯುವ ಹೃದಯವನ್ನು ಸೀಳುವಂತಿಲ್ಲ. ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಮಿದುಳು ಸಾಯುತ್ತದೆ. 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಈ ತೊಡಕನ್ನು ಯಂತ್ರದಿಂದ ಬಿಡಿಸಿದರು. ರೋಗಿಯ ಕೆಟ್ಟ ರಕ್ತವನ್ನು ಹೊರಗೆ ತಂದು, ಆಮ್ಲಜನಕ ತುಂಬಿ, ಮತ್ತೆ ದೇಹಕ್ಕೆ ತಳ್ಳುವ ಆ ಯಂತ್ರ ಹೃದಯ, ಶ್ವಾಸಕೋಶಗಳೆರಡರ ಕೆಲಸವನ್ನೂ ಮಾಡುತ್ತದೆ. ಮರುವರ್ಷ ಮಿನೆಸೋಟಾದ ಲಿಲ್ಲೆಹೈ ಯಂತ್ರವಿಲ್ಲದೆಯೇ, ತಂದೆಯ ಇಲ್ಲವೆ ತಾಯಿಯ ರಕ್ತಪ್ರವಾಹಕ್ಕೆ ಮಗುವಿನದನ್ನು ಜೋಡಿಸಿ ಎಳೆಯ ಹೃದಯದ ರಂಧ್ರ ಮುಚ್ಚಿದರು. ಒಂದು ಜೀವಕ್ಕಾಗಿ ಎರಡು ಜೀವ ಪಣಕ್ಕಿಟ್ಟ ಕಾಲವದು.

1960ರ ದಶಕದ ಆರಂಭದಲ್ಲಿ ವೆಲ್ಲೂರಿನಲ್ಲಿ ಗೋಪಿನಾಥರು ತೆರೆದ ಹೃದಯದ ಚಿಕಿತ್ಸೆಯಲ್ಲಿ ಗೆದ್ದರು. ಇದು ಒಬ್ಬರ ಕೈಚಳಕವಲ್ಲ. ಅರಿವಳಿಕೆ ಕೊಡುವವರು, ಯಂತ್ರ ನಡೆಸುವವರು, ರಕ್ತ ಹೊಂದಿಸುವವರು, ರಾತ್ರಿಯೆಲ್ಲ ಕಾಯುವ ದಾದಿಯರು, ಇವರಲ್ಲಿ ಒಬ್ಬರು ತಪ್ಪಿದರೂ ರೋಗಿ ಉಳಿಯುವುದಿಲ್ಲ.

ಮುಂದೆ ಅವರು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಭಾಗವನ್ನು ಬೆಳೆಸಿದರು. 1974ರಲ್ಲಿ ಪದ್ಮಶ್ರೀ, 1978ರಲ್ಲಿ ಬಿ.ಸಿ. ರಾಯ್ ಪ್ರಶಸ್ತಿ ಬಂದವು. 1994ರ ಆಗಸ್ಟ್ 3ರಂದು ಡಾ. ಪಿ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದ್ದೂ ಆ ಸಂಸ್ಥೆಯಲ್ಲೇ. ಗೋಪಿನಾಥರು 2007ರ ಜೂನ್ 3ರಂದು ತೀರಿಕೊಂಡರು.

ಹೃದಯದ ಆಪರೇಷನ್ ಎಂದರೆ ಹಣವಂತರ ಮಾತೆಂದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ತಿಳಿದವರಿದ್ದಾರೆ. ಗೋಪಿನಾಥರ ವೃತ್ತಿಬದುಕು ಬೇರೆಯದನ್ನೇ ಹೇಳುತ್ತದೆ: ಈ ವಿದ್ಯೆ ನಮ್ಮಲ್ಲಿ ಬೇರು ಬಿಟ್ಟದ್ದು ಒಂದು ಮಿಷನ್ ಆಸ್ಪತ್ರೆಯಲ್ಲಿ, ಬೆಳೆದದ್ದು ಒಂದು ಸರ್ಕಾರಿ ಸಂಸ್ಥೆಯಲ್ಲಿ. 2021ರಲ್ಲಿ ನಮ್ಮ ತಾಲ್ಲೂಕು ವಿಜಯನಗರ ಜಿಲ್ಲೆಗೆ ಸೇರಿತು. ಹೊಸ ಜಿಲ್ಲೆಯ ಶಾಲಾಮಕ್ಕಳಿಗೆ ಕೃಷ್ಣದೇವರಾಯನ ಪಾಠದ ಜೊತೆಗೆ ಈ ಬಳ್ಳಾರಿಯವರ ಪಾಠವನ್ನೂ ನಾವು ಹೇಳಿಕೊಡಬೇಕು.