ಮಾವಿನ ಪೆಟ್ಟಿಗೆಯ ಹುಲ್ಲು

ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ ಹಾಪೂಸ್ ಪೆಟ್ಟಿಗೆ ತೆರೆದಾಗ ಹಣ್ಣಿನ ಸುತ್ತ ಭತ್ತದ ಹುಲ್ಲು ಕಂಡರೆ ಈಗಲೂ ನನಗೆ ಕಪ್ಪು-ಬಸಿ ನೆನಪಾಗುತ್ತವೆ. ನಾವು ಕನ್ನಡದ ನಾಲ್ಕು ಮನೆಯವರು ಸಿಂಹಗಡಕ್ಕೆ ಹೊರಟರೆ ಆ ಹುಲ್ಲನ್ನೇ ಚೀಲ ತುಂಬಿ ತರುತ್ತಿದ್ದೆವು. ಕಪ್ಪಿನೊಳಗೂ ಹುಲ್ಲು, ನಡುವೆಯೂ ಹುಲ್ಲು. ಪಿಂಗಾಣಿ ತಟ್ಟೆಗಳನ್ನು ಮಾತ್ರ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಬೇಕು. ಮಲಗಿಸಿದರೆ ಭಾರವೆಲ್ಲ ಅಡಿಯ ತಟ್ಟೆಗೇ. ಪೆಟ್ಟಿಗೆ ಅಲ್ಲಾಡಿಸಿದರೆ ಸದ್ದು ಬರಬಾರದು, ಅಷ್ಟೇ ಪರೀಕ್ಷೆ.

ಅದಕ್ಕೂ ಹಿಂದೆ ಊರಲ್ಲಿ ಮುತ್ತುಗದ ಪತ್ರಾವಳಿ. ಒಣಗಿದ್ದು ಮುಟ್ಟಿದರೆ ಮುರಿಯುತ್ತದೆ. ಕಟ್ಟು ಬಿಗಿದು ಮೇಲೆ ಕಲ್ಲು ಹೇರುತ್ತಿದ್ದರು, ಬಿಡಿಸುವ ಮುನ್ನ ನೀರು ಚಿಮುಕಿಸುತ್ತಿದ್ದರು. ಆಮೇಲೆ ಸ್ಟೀಲು: ಗೋಣಿಚೀಲ, ಎಣಿಕೆ, ಒಂದು ಲೋಟ ಕಡಿಮೆಯಾದರೆ ಬಾಡಿಗೆಗೆ ಕೊಟ್ಟವರ ಜತೆ ಜಗಳ!

ಥರ್ಮೋಕೋಲ್ ತಟ್ಟೆ ಬಂದು ಇದನ್ನೆಲ್ಲ ಮರೆಸಿಬಿಟ್ಟಿತು. 2018ರ ಮಾರ್ಚ್ 23ರಂದು ಮಹಾರಾಷ್ಟ್ರ ಸರಕಾರ ಅದನ್ನು ನಿಷೇಧಿಸಿತು. ಮೂರು ತಿಂಗಳ ನಂತರ ಮೊದಲ ತಪ್ಪಿಗೇ 5,000 ರೂಪಾಯಿ ದಂಡ. ಆ ವರ್ಷ ಮನೆಯ ಮಕ್ಕಳು ಪಿಂಗಾಣಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಕುಕ್ಕರ್ ಇಟ್ಟು ಕಾರಿನ ಡಿಕ್ಕಿಗೆ ಹಾಕಿದರು. ಖಡಕ್‌ವಾಸ್ಲಾ ತಲುಪುವಷ್ಟರಲ್ಲಿ 11 ಚೂರು. "ಅಪ್ಪಾ, ನೀವೆಲ್ಲ ಹೇಗೆ ಒಯ್ಯುತ್ತಿದ್ದಿರಿ?" ಅಂದಳು ಮಗಳು.

ಮುಂದಿನ ಏಪ್ರಿಲ್‌ನಲ್ಲಿ ಅವಳನ್ನು ಮಾರ್ಕೆಟ್ ಯಾರ್ಡಿಗೆ ಕರೆದೊಯ್ದೆ. ಎರಡು ಡಜನ್ ಹಾಪೂಸ್ ಕೊಂಡು, ಹುಲ್ಲನ್ನು ಪುಕ್ಕಟೆ ಕೇಳಿದೆವು.